ಷರಾ ಕಾಲಂ

ಪರದೆಯ ಮೇಲೆ ಆ ಸಣ್ಣ ಬಿಳಿ ಚಕ್ರ ತಿರುಗಲು ಶುರುವಾದೊಡನೆ ಸುರೇಖಾ ಮನಸ್ಸಿನಲ್ಲೇ ಎಣಿಸತೊಡಗುತ್ತಿದ್ದಳು. ಒಂದು, ಎರಡು, ಮೂರು. ಹೊಸ ಡೇಟಾಬೇಸ್ ಬಂದ ಹದಿನಾರು ದಿನಗಳಿಂದ ಹಿಡಿದ ಚಟ ಇದು. ಮೊದಲಾದರೆ ಮೂರು ಎನ್ನುವಷ್ಟರಲ್ಲಿ ರೋಗಿಯ ಹೆಸರು, ಊರು, ಕಣ್ಣಿನ ಅಳತೆ ಎಲ್ಲ ಬಂದು ಕೂತಿರುತ್ತಿದ್ದವು. ಈಗ ಇನ್ನೂರ ಹತ್ತಕ್ಕೆ ಬರುತ್ತವೆ. ಕಿಟಕಿಯಾಚೆ ನಿಂತವರಿಗೆ ಚಕ್ರ ಕಾಣುವುದಿಲ್ಲ, ಇವಳ ಮುಖ ಕಾಣುತ್ತದೆ. ಅವರ ಪಾಲಿಗೆ ತಡಮಾಡುವುದು ಯಾವತ್ತೂ ಮನುಷ್ಯರೇ. "ಏನಕ್ಕಾರ, ಕುಂತಲ್ಲೇ ನಿದ್ದಿ ಬಂತೇನು?" ಎಂದು ನಿನ್ನೆ ಒಬ್ಬ ಮುದುಕ ಕೇಳಿದ್ದ. ಬೆಂಚಿನ ಮೇಲಿದ್ದವರೆಲ್ಲ ನಕ್ಕಿದ್ದರು, ಇವಳೂ ನಕ್ಕಿದ್ದಳು. ಆಮೇಲೆ ಮನೆಗೆ ಹೋಗಿ ತಟ್ಟೆಗಳನ್ನು ಕುಕ್ಕಿ ಕುಕ್ಕಿ ತೊಳೆಯುವಾಗ ಗಂಡ ಒಳಬಂದು, "ಯಾರ ಮ್ಯಾಲೆ ಸಿಟ್ಟು?" ಎಂದು ಕೇಳಿದ್ದಕ್ಕೆ, "ನಗಬಾರದಿತ್ತು ನಾನು" ಎಂದಷ್ಟೇ ಹೇಳಿದ್ದಳು. ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ತಾಳ್ಮೆ ಇವಳಿಗೂ ಇರಲಿಲ್ಲ.

ಗಂಗಾವತಿಯ ಈ ಕಣ್ಣಿನ ಆಸ್ಪತ್ರೆಯ ದಾಖಲೆ ಕಿಟಕಿಯಲ್ಲಿ ಅವಳು ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಟ್ರಸ್ಟಿನ ಆಸ್ಪತ್ರೆ. ಬಣ್ಣ ಎರಡು ಸಲ ಬದಲಾಗಿದೆ, ಮ್ಯಾನೇಜರು ನಾಲ್ಕು ಸಲ. ಈಗಿನ ಮ್ಯಾನೇಜರು ಪ್ರಭುರಾಜ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನು. ನಿನ್ನೆ ಸಂಜೆ ಒಂದು ಕಾಗದವನ್ನು ಅವಳ ಮೇಜಿನ ಮೇಲಿಟ್ಟು, "ನಿಮ್ದ ತಪ್ಪು ಅಂತ ಯಾರೂ ಅನ್ನಾಂಗಿಲ್ರಿ ಮೇಡಂ. ಬರೇ ಒಂದು ಸಹಿ. ನಾಳೆ ಹನ್ನೆರಡರೊಳಗ ಕೊಟ್ಟಬಿಡ್ರಿ" ಎಂದು ಹೇಳಿ ಹೋಗಿದ್ದ. ಕಾಗದ ಮೇಜಿನ ಖಾನೆಯಲ್ಲಿತ್ತು. ಇಂಗ್ಲಿಷಿನಲ್ಲಿ ಮೂರು ಪ್ಯಾರಾ. ಸಾರಾಂಶ ಇಷ್ಟು: ದಾಖಲೆ ವಿಭಾಗದವರು ಷರಾ ಕಾಲಮ್ಮಿನಲ್ಲಿ ತಮ್ಮ ಮನಸ್ಸಿಗೆ ಬಂದಂತೆ ಅನವಶ್ಯಕ ಮಾಹಿತಿ ತುಂಬಿದ್ದರಿಂದಲೇ ಹೊಸ ಡೇಟಾಬೇಸ್ ನಿಧಾನವಾಗಿದೆ, ಅದನ್ನು ಒಪ್ಪಿ, ಆ ಕಾಲಂ ಪೂರ್ತಿ ಅಳಿಸಲು ಸಮ್ಮತಿ ಕೊಡುತ್ತಿದ್ದಾರೆ. ಅವಳು ಅದನ್ನು ನಾಲ್ಕು ಸಲ ಓದಿದ್ದಳು. ಮನಸ್ಸಿಗೆ ಬಂದಂತೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಸೊಗಸಾದ ಮಾತಿದೆ ಎಂದು ನಾಲ್ಕನೇ ಸಲ ಅನ್ನಿಸಿತ್ತು. ಕಾಗದದ ಕೆಳಗೆ ಸಹಿಗೆ ಒಂದು ಗೆರೆ, ಅದರ ಪಕ್ಕದಲ್ಲಿ, ಎಲ್ಲ ನಮೂನೆಗಳಲ್ಲೂ ಇರುವಂತೆ, ಷರಾ ಬರೆಯಲು ಖಾಲಿ ಜಾಗ. ಈ ನಾಡಿನಲ್ಲಿ ಆ ಜಾಗದಲ್ಲಿ ಯಾರೂ ಏನೂ ಬರೆಯುವುದಿಲ್ಲ. ಅದು ಇರಬೇಕು, ಖಾಲಿ ಇರಬೇಕು, ಅಷ್ಟೇ.

ಇವಳು ಮಾತ್ರ ಬರೆದಿದ್ದಳು. ಒಂಬತ್ತು ವರ್ಷ, ನಲವತ್ತೊಂದು ಸಾವಿರ ರೋಗಿಗಳಿಗೆ. ಹೊಸ ಡೇಟಾಬೇಸ್ ಹಾಕಿದ ಹುಬ್ಬಳ್ಳಿ ಕಂಪನಿಯ ಎಂಜಿನಿಯರ್ ಸುಭಾಷ್ ಅದನ್ನು ತೆರೆದು ಓದಿದ ದಿನ ಅವಳು ಪಕ್ಕದಲ್ಲೇ ನಿಂತಿದ್ದಳು. ಒಳ್ಳೆಯ ಹುಡುಗ, ಬಂದವನೇ ಕಾಲಿಗೆ ಬಿದ್ದಷ್ಟು ವಿನಯ. ಆದರೆ ಓದುತ್ತ ಓದುತ್ತ ಅವನ ಭುಜ ಕುಣಿಯತೊಡಗಿತು. "ಹುಣಸಿಗಿಡದ ಎದುರಿನ ಮನಿ." "ಅಳಿಯ ಕುಷ್ಟಗಿ ಬಸ್ಸಿನ ಡ್ರೈವರ್." "ಸಿಟ್ಟಿನ ಮನಷ್ಯಾ, ಆದ್ರ ಕೆಟ್ಟಾಂವಲ್ಲ." "ಭಾಳ ನಗತಾಳ." ಅವನು ಕಣ್ಣೊರೆಸಿಕೊಂಡು ಪ್ರಭುರಾಜನ ಕಡೆ ತಿರುಗಿ, "ಸರ್, ಇದು ಡೇಟಾ ಅಲ್ರಿ, ಹರಟಿ" ಎಂದಿದ್ದ. ಪ್ರಭುರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಹೊತ್ತಿಗೆ ಏನಾದರೂ ಹೇಳಬೇಕಿತ್ತು. ತನ್ನ ಬಟ್ಟೆಗಳನ್ನು ಯಾರೋ ಬೀದಿಯಲ್ಲಿ ಒಂದೊಂದಾಗಿ ಬಿಡಿಸಿ ತೋರಿಸುತ್ತಿದ್ದಂತೆ ಅನ್ನಿಸಿ, ಸೀರೆಯ ಅಂಚನ್ನು ನೋಡುತ್ತ ನಿಂತುಬಿಟ್ಟಳು. ಇಬ್ಬರಿಗೂ ಗೊತ್ತಿರಲಿಲ್ಲ, ಈ ಸೀಮೆಯಲ್ಲಿ ಹೆಂಗಸನ್ನು ಹುಡುಕುವುದೆಂದರೆ ಏನು ಎಂದು. ಹೆಸರು ಕೇಳಿದರೆ ಯಮನೂರಮ್ಮ ಎನ್ನುತ್ತಾಳೆ. ಕಂಪ್ಯೂಟರಿನಲ್ಲಿ ಮುನ್ನೂರು ಯಮನೂರಮ್ಮರು. ಊರು ಕೇಳಿದರೆ ಹದಿನಾಲ್ಕಕ್ಕೆ ಇಳಿಯುತ್ತಾರೆ. ಫೋನ್ ನಂಬರು ಮಗನದು, ಮಗ ಮೂರು ತಿಂಗಳಿಗೊಮ್ಮೆ ಸಿಮ್ ಬದಲಿಸುತ್ತಾನೆ. ಆಸ್ಪತ್ರೆಯ ಚೀಟಿ ಜೋಳದ ಡಬ್ಬಿಯಲ್ಲಿ ಇಟ್ಟಿದ್ದು ಇಲಿ ತಿಂದಿದೆ. ವಯಸ್ಸು ಕೇಳಿದರೆ, "ಐವತ್ತೋ ಅರವತ್ತೋ, ನೀವ ಬರ್ಕೋರಿ." ಇನ್ನುಳಿದದ್ದು ಗಂಡನ ಹೆಸರು. ಅದನ್ನು ಕೇಳಿದ ಕೂಡಲೇ ಸೆರಗು ಬಾಯಿಗೆ ಬರುತ್ತದೆ. ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ. ಗಂಡ ಸತ್ತವರೂ ಹೇಳುವುದಿಲ್ಲ, ರೂಢಿ. ಬಿ.ಕಾಂ. ಓದಿದ ಸುರೇಖಾಳೇ ಮದುವೆಯಾದ ಮೇಲೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಬ್ಯಾಂಕಿನಲ್ಲಿ ಒಂದು ಸಲ, ಅದೂ ಕೆಮ್ಮಿನ ಮರೆಯಲ್ಲಿ. ಇನ್ನು ಅವರನ್ನು ನೋಡಿ ನಗುವುದು ಹೇಗೆ? ಅದಕ್ಕೇ ಷರಾ. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಉಳಿದದ್ದೆಲ್ಲ ಹೇಳುತ್ತಾರೆ. ಆ ಉಳಿದದ್ದನ್ನು ಇವಳು ಅವರ ಮಾತಿನಲ್ಲೇ ಬರೆದುಕೊಂಡಳು. ಹರಟೆಯಂತೆ!

ಇನ್ನೂರ ಏಳು, ಇನ್ನೂರ ಎಂಟು. ಆನೆಗೊಂದಿಯ ಕರಿಬಸಪ್ಪನ ಫೈಲು ಬಂತು. ಮುದುಕ ಚೀಟಿ ತೆಗೆದುಕೊಂಡು, "ಮಿಷಿನ್ನಿಗೂ ಪೊರೆ ಬಂದೈತೇನ್ರಿ?" ಎಂದ. ಈ ಸಲ ಅವಳಿಗೆ ನಿಜವಾಗಿಯೂ ನಗು ಬಂತು. ಒಂದು ಲೆಕ್ಕದಲ್ಲಿ ಮುದುಕ ಸರಿಯಾಗಿಯೇ ರೋಗ ಹಿಡಿದಿದ್ದ. ಮೆಟ್ಟಿಲ ಕೆಳಗಿನ ಕತ್ತಲ ಕೋಣೆಯಲ್ಲಿ ಕೂತ ಸರ್ವರ್ 2011ರದು. ಬೂದುಬಣ್ಣದ ಪೆಟ್ಟಿಗೆ, ಫ್ಯಾನು ಸದ್ದು ಮಾಡುತ್ತದೆ, ಆದರೆ ಹದಿನಾಲ್ಕು ವರ್ಷದಲ್ಲಿ ಒಂದು ದಿನ ರಜೆ ಕೇಳಿದ್ದಿಲ್ಲ. ಹೊಸ ಡೇಟಾಬೇಸ್ ಹಾಕುವ ಮೊದಲು ಅವಳು ಪ್ರಭುರಾಜನನ್ನು ಕೇಳಿದ್ದಳು: "ಮಿಷಿನ್ ಹಳೇದೈತ್ರಿ, ತಡಕೊಳ್ಳತೈತೇನು?" "ಕಂಪನಿಯವರು ಗ್ಯಾರಂಟಿ ಕೊಟ್ಟಾರ್ರಿ ಮೇಡಂ. ಇದ್ದ ಮಿಷಿನ್ ಮ್ಯಾಲೇ ಓಡತೈತಿ." ಓಡಲಿಲ್ಲ. ಸುಭಾಷನ ಲ್ಯಾಪ್‌ಟಾಪಿನಲ್ಲಿ ಎರಡು ಸೆಕೆಂಡಿಗೆ ಬರುವ ಹೆಸರು ಇಲ್ಲಿ ಮೂರೂವರೆ ನಿಮಿಷ. ಗ್ಯಾರಂಟಿ ಕೊಟ್ಟವರು ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ಗ್ಯಾರಂಟಿಯನ್ನು ನಂಬಿ ಟ್ರಸ್ಟಿನವರ ಮುಂದೆ ಎದೆ ತಟ್ಟಿಕೊಂಡ ಪ್ರಭುರಾಜ ಒಪ್ಪಿಕೊಳ್ಳಬೇಕು. ಇಬ್ಬರೂ ಒಪ್ಪದಿದ್ದಾಗ ಕಿಟಕಿಯಲ್ಲಿ ಕೂತ ಹೆಂಗಸು ಇದ್ದೇ ಇದ್ದಾಳಲ್ಲ.

ಆದರೆ ಕಿಟಕಿಯಲ್ಲಿ ಕೂತ ಹೆಂಗಸು ಸುಮ್ಮನೆ ಕೂತಿರಲಿಲ್ಲ. ಹೋದ ಭಾನುವಾರ ಮಧ್ಯಾಹ್ನ, ಹೊರರೋಗಿಗಳಿಲ್ಲದ ಹೊತ್ತಿನಲ್ಲಿ, ಆಸ್ಪತ್ರೆಯ ಔಷಧಿ ಅಂಗಡಿಯ ವಾಹೀದಳನ್ನು ಕರೆಸಿಕೊಂಡು, ಅವಳ ಹೊಸ ಕಂಪ್ಯೂಟರಿಗೆ ಇಡೀ ಡೇಟಾಬೇಸಿನ ನಕಲು ಇಳಿಸಿದ್ದಳು. ಅದೇ ಹೊಸ ಆವೃತ್ತಿ, ಅದೇ ನಲವತ್ತೊಂದು ಸಾವಿರ ಹೆಸರು, ಅದೇ ಷರಾ. ಎರಡು ಸೆಕೆಂಡು. ಆಮೇಲೆ ಹಳೆಯ ಸರ್ವರಿನಲ್ಲೇ ಒಂದು ಮೂಲೆಯಲ್ಲಿ ಹಳೆಯ ಆವೃತ್ತಿ ಹಾಕಿ ನೋಡಿದಳು. ಮೂರು ಸೆಕೆಂಡು. ಹೊಸದು ಹಳೆಯದರ ಮೇಲೆ: ಇನ್ನೂರ ಹತ್ತು. ಕೊನೆಗೆ ನಕಲಿನಲ್ಲಿ ಷರಾ ಪೂರ್ತಿ ಅಳಿಸಿ, ಅದನ್ನೂ ಹಳೆಯ ಸರ್ವರಿನ ಹೊಸ ಆವೃತ್ತಿಯಲ್ಲಿ ಹುಡುಕಿಸಿದಳು: ನೂರ ಎಂಬತ್ತು. "ಅಂದ್ರ ನಿನ್ನ ಷರಾ ತಗದ್ರೂ ಮೂರು ನಿಮಿಷ ಆಗತೈತಿ!" ಎಂದು ವಾಹೀದ ಚಪ್ಪಾಳೆ ತಟ್ಟಿದಳು. ಸುರೇಖಾ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು, ಹೊಸ ಆವೃತ್ತಿಯ ಜೊತೆಗೆ ಬಂದ ಸೂಚನೆಗಳನ್ನೂ ಕೂತು ಓದಿದ್ದಳು. ಈಚಿನ ಪ್ರೊಸೆಸರುಗಳು ಒಂದು ಹಿಡಿ ಅಕ್ಷರಗಳನ್ನು ಒಂದೇ ಏಟಿಗೆ ಹೋಲಿಸಬಲ್ಲವು. ಹೊಸ ಆವೃತ್ತಿಯನ್ನು ಬರೆದವರು ಅದನ್ನೇ ನಂಬಿ ಬರೆದಿದ್ದರು. 2011ರದಕ್ಕೆ ಆ ಕಸುವು ಹುಟ್ಟಿನಿಂದಲೇ ಇಲ್ಲ. ಅದು ಒಂದೊಂದೇ ಅಕ್ಷರ ಹಿಡಿದು ನೋಡುತ್ತ ಹೋಗುತ್ತದೆ, ಪಾಪ. ಮುದಿ ಎತ್ತಿಗೆ ಟ್ರ್ಯಾಕ್ಟರಿನ ನೇಗಿಲು ಕಟ್ಟಿ, ಹೊಲದ ಮಣ್ಣೇ ಸರಿಯಿಲ್ಲ ಎಂದಹಾಗಾಯಿತು.

ಇಷ್ಟು ಗೊತ್ತಿದ್ದೂ ಸೋಮವಾರ ಯಾಕೆ ನೋಟ್‌ಬುಕ್ ಒಯ್ದು ಅವರ ಮುಖಕ್ಕೆ ಹಿಡಿಯಲಿಲ್ಲ? ಮಂಗಳವಾರ ಯಾಕೆ ಇಲ್ಲ? ಈ ಪ್ರಶ್ನೆ ಬಂದಾಗಲೆಲ್ಲ ಸುರೇಖಾ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಪೆನ್ನುಗಳನ್ನು ಜೋಡಿಸಿದಳು. ಯಾಕೆಂದರೆ ನೋಟ್‌ಬುಕ್ ನೋಡಿದ ಮೇಲೆ ಅವರು ಇನ್ನೊಂದು ಮಾತು ಕೇಳುತ್ತಾರೆ, ನಿನ್ನೆಯೂ ಕೇಳಿದ್ದರು: "ಎಲ್ಲಾ ಬ್ಯಾರೆ ಆಸ್ಪತ್ರ್ಯಾಗ ಹೆಸರು, ಊರು, ಗಂಡನ ಹೆಸರು ಸಾಕಾಗತೈತಿ. ನಿಮಗ್ಯಾಕ ಇದು ಬೇಕಾತು?" ಸಾಕಾಗುವುದಿಲ್ಲ. ಸಾಕಾಗದೇ ಇದ್ದ ದಿನ ಯಾವುದು ಎಂದು ಅವಳಿಗೆ ಗೊತ್ತಿತ್ತು, ಅವಳಿಗೆ ಮಾತ್ರ ಗೊತ್ತಿತ್ತು. 2016ರ ಪೊರೆ ಶಿಬಿರ. ಬೆಂಚಿನ ಮೇಲೆ ಸಾಣಾಪುರದ ಹೆಂಗಸರ ಸಾಲು, ಎಲ್ಲರ ಹಣೆಯ ಮೇಲೂ ಯಾವ ಕಣ್ಣಿಗೆ ಎಂದು ಅಂಟಿಸಿದ ಪಟ್ಟಿ. ಯಮನೂರಮ್ಮ ಎಂದಾಗ ಎದ್ದು ಬಂದವಳು ಗಂಡನ ಹೆಸರು ಕೇಳಿದ್ದಕ್ಕೆ ಸೆರಗು ಮುಚ್ಚಿ ನಕ್ಕಳು. ಹೇಳ್ರಿ ಅಂದರೆ ಇಲ್ಲ. ಹಿಂದೆ ಎಂಬತ್ತು ಮಂದಿ, ಒಳಗಿನಿಂದ ಕೂಗು, ಸುರೇಖಾಳ ತಲೆ ಸಿಡಿಯುತ್ತಿತ್ತು. "ಹೆಸರು ಹೇಳಾಕ ಇಷ್ಟು ನಾಚಿಕಿ ಆದ್ರ ಮನಿಯಾಗ ಇರಬೇಕಿತ್ತು!" ಎಂದು ರೇಗಿದಳು. ನಗು ನಿಂತಿತು. ಯಮನೂರಮ್ಮ ಪಕ್ಕದವಳ ಕಡೆ ನೋಡಿದಳು, ಪಕ್ಕದವಳು ಹೇಳಿದಳು: "ವಿರುಪಣ್ಣ ರೀ." ಸುರೇಖಾ ಟೈಪು ಮಾಡಿದಳು. ಬಂತು. ಅಬ್ಬಾ, ಬಂತು ಎಂಬ ಸಮಾಧಾನದಲ್ಲಿ ಮೇಲಿನ ಸಾಲನ್ನು ಒತ್ತಿದಳು. ಕೆಳಗೆ ಇನ್ನೊಂದು ಸಾಲಿತ್ತು. ಸಾಣಾಪುರ, ಯಮನೂರಮ್ಮ, ವಿರುಪಣ್ಣ. ಆ ಊರಿನಲ್ಲಿ ಇಬ್ಬರು ಯಮನೂರಮ್ಮರಿಗೂ ಗಂಡ ವಿರುಪಣ್ಣನೇ ಸಿಕ್ಕಿದ್ದ. ಸಂಜೆ ಇನ್ನೊಬ್ಬಳ ಫೈಲು ತೆಗೆಯುವಾಗ ಎರಡು ಸಾಲೂ ಕಣ್ಣಿಗೆ ಬಿದ್ದವು. ಎರಡನೆಯವಳದನ್ನು ಸರಿಮಾಡಿದಳು. ಮೊದಲನೆಯವಳ ಬಲಗಣ್ಣಿನಲ್ಲಿ ಆಗಲೇ ಬೇರೊಬ್ಬಳ ಅಳತೆಯ ಮಸೂರ ಕೂತಾಗಿತ್ತು.

ಬೇರೊಬ್ಬಳ ಅಳತೆಯ ಮಸೂರವೆಂದರೆ ಕುರುಡಲ್ಲ. ಹಾಗೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳು! ದಪ್ಪ ಕನ್ನಡಕ ಹಾಕಿದರೆ ಸುಮಾರಾಗಿ ಕಾಣುತ್ತದೆ. ಅಷ್ಟೇ. ಅಳತೆ ತಪ್ಪಿದೆ ಎಂದು ತಿಳಿದಾಗ ದೊಡ್ಡ ಡಾಕ್ಟರು ಅಳತೆ ತೆಗೆಯುವ ಬಾಬಾಸಾಬನನ್ನು ಎಲ್ಲರ ಎದುರಿಗೆ ಬೈದರು. ಅವನು ಯಂತ್ರವನ್ನು ಮೂರು ಸಲ ಒರೆಸಿ ನೋಡಿದ, "ನಾ ಸರಿ ತಗದಿದ್ದೆ ಸರ್" ಎಂದ. ತಿಂಗಳೊಪ್ಪತ್ತಿನಲ್ಲಿ ಕೆಲಸ ಬಿಟ್ಟ. ಈಗ ಕುಷ್ಟಗಿಯಲ್ಲಿ ಸಣ್ಣ ಕನ್ನಡಕದ ಅಂಗಡಿ. ಹೋದ ವರ್ಷ ಯಾರದೋ ಮದುವೆಯಲ್ಲಿ ಸಿಕ್ಕು, "ಅಕ್ಕಾರ, ಆರಾಮ ಅದೀರೇನು? ಕಣ್ಣು ತೋರಿಸ್ರಿ, ನಿಮಗ ನಂಬರ್ ಬಂದಂಗೈತಿ" ಎಂದು ಅಕ್ಕರೆಯಿಂದ ಕೇಳಿದಾಗ ಅವಳ ಕೈಯಲ್ಲಿನ ಹೋಳಿಗೆ ಬಾಯಿಗೆ ಹೋಗಲೇ ಇಲ್ಲ. ಅಂದು ತಾನು ಮಾಡಿದ್ದಕ್ಕೆ ಬಾಬಾಸಾಬ. ಇಂದು ಯಾರೋ ಮಾಡಿದ್ದಕ್ಕೆ ತಾನು. ದೇವರು ಲೆಕ್ಕ ಚುಕ್ತಾ ಮಾಡುತ್ತಿದ್ದಾನೆ, ಸಹಿ ಮಾಡಿ ಕೈತೊಳೆದುಕೋ, ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಅದು ಹೇಡಿ ಮೂಲೆ ಎಂದು ಅವಳಿಗೆ ಗೊತ್ತಿತ್ತು. ಸಹಿ ಮಾಡಿದರೆ ಸಾಯುವುದು ಅವಳ ಮರ್ಯಾದೆ ಮಾತ್ರವಲ್ಲ. ಷರಾ ಅಳಿಸಿದ ಮರುದಿನ ಈ ಕಿಟಕಿಗೆ ಬಂದು ಸೆರಗು ಮುಚ್ಚಿಕೊಳ್ಳುವ ಹೆಂಗಸಿನ ಹೆಸರು ಹುಡುಕಿದರೆ ಮತ್ತೆ ಎರಡು ಸಾಲು ಬರುತ್ತವೆ, ಮತ್ತೆ ಯಾರೋ ಮೇಲಿನ ಸಾಲನ್ನು ಒತ್ತುತ್ತಾರೆ.

"ಯವ್ವಾ, ನನ್ನ ಚೀಟಿ ಹುಡುಕಿ ಕೊಡು."

ಕಿಟಕಿಯಲ್ಲಿ ದಪ್ಪ ಕನ್ನಡಕ. ಅದರ ಬಲಗಡೆಯ ಗಾಜು ಎಡಗಡೆಯದಕ್ಕಿಂತ ದಪ್ಪ. ಸುರೇಖಾ ಆ ಮುಖವನ್ನು ಒಂಬತ್ತು ವರ್ಷಗಳಲ್ಲಿ ಮೂರು ಸಲ ಕಂಡಿದ್ದಳು, ಮೂರು ಸಲವೂ ಏನೋ ನೆಪ ಮಾಡಿ ಒಳಗೆದ್ದು ಹೋಗಿದ್ದಳು. ಸಾಣಾಪುರದ ಯಮನೂರಮ್ಮ. ಎಡಗಣ್ಣಿಗೂ ಪೊರೆ ಬಂದಿದೆ, ಆಪರೇಶನ್ನಿಗೆ ದಿನ ಕೊಟ್ಟಿದ್ದಾರೆ, ಹಳೆಯ ಫೈಲು ಬೇಕು. ಸುರೇಖಾಳ ಬೆರಳು ತಾನಾಗಿಯೇ ಊರು, ಹೆಸರು, ಗಂಡನ ಹೆಸರು ಮೂರನ್ನೂ ಟೈಪು ಮಾಡಿತು. ಚಕ್ರ ತಿರುಗತೊಡಗಿತು. ಒಂದು, ಎರಡು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ. ಹಿಂದಿನ ಬಾಗಿಲು ತೆಗೆದುಕೊಂಡು ಪ್ರಭುರಾಜ ಬಂದ, ಅವನ ಹಿಂದೆ ಲ್ಯಾಪ್‌ಟಾಪು ತಬ್ಬಿಕೊಂಡು ಸುಭಾಷ್.

"ಸಹಿ ಆತೇನ್ರಿ ಮೇಡಂ?"

"ರೋಗಿ ಅದಾರ್ರಿ. ಹುಡುಕಾಕತ್ತೀನಿ."

ಸುಭಾಷ್ ಪರದೆಗೆ ಬಗ್ಗಿದ, ಅವನಿಗೆ ಕಂಡದ್ದು ಚಕ್ರ ಮಾತ್ರ. "ನೋಡ್ರಿ ಸರ್, ಮತ್ತ ಷರಾದಾಗ ಹುಡುಕಾಕತ್ತಾರ. ಇದಕ್ಕ ನಾ ಹೇಳಿದ್ದು. ಅಮ್ಮಾರ, ನಿಮ್ಮ ಯಜಮಾನರ ಹೆಸರೇನ್ರಿ? ಅಷ್ಟು ಹೇಳಿದ್ರ ಮುಗೀತು."

ಸೆರಗು ಬಾಯಿಗೆ ಬಂತು. ಒಂಬತ್ತು ವರ್ಷದ ಹಿಂದೆ ನಕ್ಕಿದ್ದವಳು ಈಗ ನಗಲಿಲ್ಲ, ತಲೆ ಅಲ್ಲಾಡಿಸಿದಳು. "ಹೇಳ್ರಿ, ತಡ ಆಗತೈತಿ" ಎಂದ ಪ್ರಭುರಾಜ, ಬೆಣ್ಣೆ ಸ್ವಲ್ಪ ಕಡಿಮೆಯಾದ ದನಿಯಲ್ಲಿ. ಬೆಂಚಿನ ಮೇಲಿಂದ ಯಾರೋ ಹೆಂಗಸು ಬಾಯಿ ತೆರೆಯುವುದು ಸುರೇಖಾಳಿಗೆ ಕಂಡಿತು, ಇನ್ನೇನು ಆ ಹೆಸರು ಬಂತು. "ಯಾರೂ ಹೇಳಬ್ಯಾಡ್ರಿ!" ಎಂದು ಅವಳು ಕೂಗಿದಳು. ದನಿ ತನ್ನದೇ ಎಂದು ನಂಬಲಾಗದಷ್ಟು ಜೋರಾಗಿತ್ತು. ಬೆಂಚಿನವಳು ಬಾಯಿ ಮುಚ್ಚಿದಳು. ಖಾನೆಯಿಂದ ಕಾಗದ ತೆಗೆದು, ಕೆಳಗಿನ ಖಾಲಿ ಜಾಗದಲ್ಲಿ ಕನ್ನಡದಲ್ಲಿ ಬರೆಯತೊಡಗಿದಳು. ಬರೆಯುವಾಗ ಭಯವಿರಲಿಲ್ಲ, ಇಷ್ಟು ವರ್ಷ ಯಾಕೆ ಬರೆಯಲಿಲ್ಲ ಎಂಬ ಸಿಟ್ಟಿತ್ತು. ಪ್ರಭುರಾಜ ತಲೆ ಚಾಚಿ ಓದಲು ನೋಡಿದ. "ಓದತೀನಿ ತಡೀರಿ" ಎಂದು ಅವಳು ಎದ್ದು ನಿಂತಳು. ಕಿಟಕಿಯ ಕಡೆಗೆ ತಿರುಗಿ ನಿಂತಳು.

"ಷರಾ. ಹೊಸ ಡೇಟಾಬೇಸ್ ಹೊಸ ಮಿಷಿನ್ನಿನಲ್ಲಿ ಎರಡು ಸೆಕೆಂಡು. ಹಳೆಯದು ಹಳೆಯ ಮಿಷಿನ್ನಿನಲ್ಲಿ ಮೂರು. ಹೊಸದು ಹಳೆಯದರಲ್ಲಿ ಇನ್ನೂರ ಹತ್ತು. ಷರಾ ಕಾಲಂ ತೆಗೆದರೂ ನೂರ ಎಂಬತ್ತು. ತಪ್ಪು ಷರಾದ್ದಲ್ಲ. ಹಳೆಯ ಪ್ರೊಸೆಸರಿಗೆ ಹೊಂದದ್ದನ್ನು ಕೇಳದೆ ಹಾಕಿದವರದು. ಮಿಷಿನ್ ಬದಲಿಸಬೇಕು, ಅಲ್ಲಿಯವರೆಗೆ ಹಳೆಯ ಡೇಟಾಬೇಸನ್ನೇ ಮರಳಿ ಹಾಕಬೇಕು." ಸುಭಾಷ್ ಲ್ಯಾಪ್‌ಟಾಪನ್ನು ಎದೆಯಿಂದ ಇಳಿಸಿದ. ಅವನ ಮುಖ ನೋಡಿದರೆ, ಮೊದಲ ದಿನವೇ ಅವನಿಗೂ ಅನುಮಾನ ಬಂದಿದ್ದಿರಬೇಕು. "ಎರಡನೆಯದು. ಷರಾ ಕಾಲಂ ಯಾಕೆ ಬೇಕಾಯಿತೆಂದರೆ, 2016ರ ಶಿಬಿರದಲ್ಲಿ ಸಾಣಾಪುರದ ಯಮನೂರಮ್ಮನವರ ಹೆಸರಿನಲ್ಲಿ ಇನ್ನೊಬ್ಬರ ಫೈಲು ತೆಗೆದು ಕೊಟ್ಟವಳು ನಾನು. ಅವರ ಬಲಗಣ್ಣಿನ ಮಸೂರ ತಪ್ಪಿದ್ದು ಅದರಿಂದ. ಬಾಬಾಸಾಬ ತೆಗೆದ ಅಳತೆ ಸರಿಯಾಗಿತ್ತು. ಇದನ್ನು ಇಷ್ಟು ವರ್ಷ ಮುಚ್ಚಿಟ್ಟವಳೂ ನಾನೇ." ಓದಿ ಮುಗಿಸಿ ಸಹಿ ಮಾಡಿದಳು, ಪೂರ್ತಿ ಹೆಸರು, ಗಂಡನ ಹೆಸರೂ ಸೇರಿಸಿ.

"ಮೇಡಂ, ತಲಿ ಕೆಟ್ಟೈತೇನು ನಿಮಗ? ಇದನ್ನ ಕೊಟ್ರ ನಿಮ್ಮ ನೌಕರಿ ಉಳಿಯಾಂಗಿಲ್ಲ" ಎಂದ ಪ್ರಭುರಾಜ. ಅವನ ದನಿಯಲ್ಲಿ ಮೊದಲ ಸಲ ಮನುಷ್ಯನ ಗಾಬರಿಯಿತ್ತು.

"ಹೋದ್ರ ಹೋಗಲಿ. ಮೊದಲ ಸಲ ಯಾವುದನ್ನೋ ಓದಿ ಸಹಿ ಮಾಡೀನಿ. ಟ್ರಸ್ಟಿನವ್ರಿಗೆ ಕೊಡ್ರಿ. ನೀವು ಕೊಡದಿದ್ರ ನಾ ಕೊಡತೀನಿ."

ಅವನು ಮೌಸಿಗೆ ಕೈ ಹಾಕಿದ, ಹುಡುಕಾಟ ನಿಲ್ಲಿಸಲು. "ಕೈ ತಗೀರಿ" ಎಂದಳು. ತೆಗೆದ.

ಆಗ ಮಾತ್ರ ಅವಳಿಗೆ ಕಿಟಕಿಯಾಚೆ ನೋಡುವ ಧೈರ್ಯ ಬಂತು. ಯಮನೂರಮ್ಮ ಕನ್ನಡಕ ತೆಗೆದು, ಸೆರಗಿನಿಂದ ಆ ದಪ್ಪ ಗಾಜನ್ನು ನಿಧಾನವಾಗಿ ಒರೆಸುತ್ತಿದ್ದಳು. ಅಳುತ್ತಿರಲಿಲ್ಲ. ಕ್ಷಮಿಸುವವಳ ಮುಖವೂ ಅದಾಗಿರಲಿಲ್ಲ.

"ಹರಗೋಲದಾಗ ಮಂದಿ ಕುಂದ್ರಿಸಿಕೊಂಡು ಹೋಗತಿದ್ದೆ ನಾ. ಆಪರೇಶನ್ ಆದಮ್ಯಾಗ ಬಂಡೆಗಲ್ಲು ಎಲ್ಲಿ ಐತಿ, ನೀರು ಎಲ್ಲಿ ಐತಿ ತಿಳೀದಂಗಾತು. ಹುಟ್ಟುಗೋಲು ಮಗನ ಕೈಯಾಗ ಕೊಟ್ಟೆ. ನನ್ನ ಕಣ್ಣ ಕೆಟ್ಟದ್ದು ಅಂತ ಒಂಬತ್ತು ವರ್ಷ ನನ್ನ ನಾನ ಬೈಕೊಂಡೆ. ನಿನಗ ಗೊತ್ತಿತ್ತು."

"ಗೊತ್ತಿತ್ತು ಯವ್ವಾ."

"ಮನಿಯಾಗ ಇರಬೇಕಿತ್ತು ಅಂದಿದ್ದಿ ನನಗ, ಅವತ್ತು."

ಅದನ್ನೂ ನೆನಪಿಟ್ಟಿದ್ದಳು. ಮೂಲೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು, ಎಣಿಕೆ ಎಲ್ಲಿ ತಪ್ಪಿತೋ ತಿಳಿಯಲಿಲ್ಲ. ಯಮನೂರಮ್ಮ ಕನ್ನಡಕ ಹಾಕಿಕೊಂಡು ಎರಡೂ ಮೊಣಕೈಗಳನ್ನು ಕಿಟಕಿಯ ಕಟ್ಟೆಯ ಮೇಲೆ ಊರಿದಳು. ಪ್ರಭುರಾಜನ ಕಡೆಗೊಮ್ಮೆ, ಸುಭಾಷನ ಕಡೆಗೊಮ್ಮೆ ನೋಡಿ, "ಹುಡುಕಲಿ. ಎಷ್ಟೊತ್ತಾದ್ರೂ ಆಗಲಿ, ನಾ ನಿಂತಿರ್ತೀನಿ" ಎಂದಳು. ಅವಳ ಹಿಂದಿನ ಸಾಲು ಅಲ್ಲಾಡಲಿಲ್ಲ.

ಪರದೆ ಬೆಳಗಿತು. ಸಾಣಾಪುರ, ಯಮನೂರಮ್ಮ, ವಿರುಪಣ್ಣ. ಅದರ ಕೆಳಗೆ ಸಾಣಾಪುರ, ಯಮನೂರಮ್ಮ, ವಿರುಪಣ್ಣ. ಒಂದರ ಷರಾ: ಬಾಳೆನಾರಿನ ಬುಟ್ಟಿ ಹೆಣಿಯಾಕಿ. ಇನ್ನೊಂದರದು: ಹರಗೋಲು ಮನಿ, ಭಾಳ ನಗತಾಳ. ಯಾವುದು ಎಂದು ಸುರೇಖಾಳಿಗೆ ನಿದ್ದೆಯಲ್ಲೂ ಗೊತ್ತಿತ್ತು. ಆದರೂ ಮೌಸಿನಿಂದ ಕೈ ತೆಗೆದು, ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಕೇಳಿದಳು: "ಇಬ್ಬರು ಯಮನೂರಮ್ಮ ಅದಾರ. ನೀವು ಯಾವಾಕಿ ಯವ್ವಾ?"

"ಹರಗೋಲದಾಕಿ" ಎಂದಳು ಯಮನೂರಮ್ಮ. ಆಮೇಲೆ, ನಗದೆ, "ಇನ್ನೊಮ್ಮೆ ಕೇಳು" ಎಂದಳು.

ಸುರೇಖಾ ಇನ್ನೊಮ್ಮೆ ಕೇಳಿದಳು.